ಕೈಪಟ್ಟಿಯ ಬಾಡಿಗೆ

ಸೊಟ್ಕಾಮೊ, ಏಪ್ರಿಲ್

ಬ್ಯಾಂಕಿನ ರೀಕ್ಕಾ ಅವರಿಗೆ,

ಹೋದ ತಿಂಗಳು ನಿಮ್ಮೆದುರು ಕೂಗಾಡಿದ ಮುದುಕ ನಾನೇ. ಮರೆವಿನ ಕಾಯಿಲೆಯ ನನ್ನ ಹೆಂಡತಿ ಔನೆ, ಒಂದು ವಾರ ಉಚಿತ ಎಂದಿದ್ದ ಹೆಣಿಗೆಯ ಆ್ಯಪ್ ಒತ್ತಿದ್ದಳು. ಆಮೇಲೆ ತಿಂಗಳು ತಿಂಗಳೂ ನನ್ನ ಕಾರ್ಡಿನಿಂದ ದುಡ್ಡು ಹೋಗುತ್ತಿತ್ತು.

“ಅದೊಂದನ್ನೇ ನಿಲ್ಲಿಸ್ಲಾ ಅಜ್ಜ?” ಎಂದಿರಿ.

“ಕಾರ್ಡನ್ನೇ ಬ್ಲಾಕ್ ಮಾಡಮ್ಮ, ಎಲ್ಲಾ ಕಳ್ರೇ,” ಎಂದೆ. ಹೇಳಿದಂತೆ ಮಾಡಿದಿರಿ. ತಪ್ಪು ನಿಮ್ಮದಲ್ಲ.

ಔನೆ ಅಂಗಳ ದಾಟಿದರೆ ನನ್ನ ಫೋನಿಗೆ ಸದ್ದು ಕಳಿಸುವ ಕೈಪಟ್ಟಿಯ ಬಾಡಿಗೆಯೂ ಅದೇ ಕಾರ್ಡಿನಿಂದ ಹೋಗುತ್ತಿತ್ತು. ದುಡ್ಡು ಬಂದಿಲ್ಲವೆಂದು ಪಟ್ಟಿಯ ಕಂಪನಿಯವರು ಕಳಿಸಿದ ಸಂದೇಶಗಳನ್ನೂ ಕಳ್ಳರದ್ದೆಂದು ಓದದೆ ಅಳಿಸಿದೆ.

ಶನಿವಾರ ನಾನು ಹಬೆಸ್ನಾನದ ಸೌನಾ ಕೋಣೆಯ ಒಲೆಗೆ ಬೆಂಕಿ ಹಾಕುತ್ತಿದ್ದೆ. “ಕಾದ್ಮೇಲೆ ಕರೀರಿ,” ಎಂದು ಔನೆ ಮನೆಯ ಕಿಟಕಿಯಿಂದ ಹೇಳಿದಳು. ಫೋನು ಜೇಬಿನಲ್ಲೇ ಇತ್ತು, ಸದ್ದಾಗಲಿಲ್ಲ. ಹೊಳೆ ಸೇರುವ ಕಡೆ ನಮ್ಮ ಮನೆಯ ಹತ್ತಿರದ ಸರೋವರದ ಮಂಜುಗಡ್ಡೆ ಈಗ ತೆಳು. ಮರುದಿನ ಅವಳನ್ನು ನೀರಿನಿಂದ ಎತ್ತಿದಾಗ ಪಟ್ಟಿ ಅವಳ ಕೈಯಲ್ಲೇ ಇತ್ತು.

ದಯವಿಟ್ಟು ಕಾರ್ಡು ಬಿಡಿಸಿಕೊಡಿ. ಮಣ್ಣಿಗೆ ಬರುವವರಿಗೆ ಕಾಫಿ, ಏಲಕ್ಕಿ ಬನ್ನು ಹೇಳಬೇಕು.

ಪಟ್ಟಿಯ ಕಂಪನಿಯಿಂದ ಇವತ್ತೂ ಸಂದೇಶ ಬಂತು. ಈ ಸಲ ಓದಿದೆ. ಮತ್ತೆ ಸೇರಿದರೆ ಮೊದಲ ತಿಂಗಳು ಉಚಿತವಂತೆ.

ಇಂತಿ,
ತೌನೊ ಕೆರಾನೆನ್