ಐದನೇ ಹಾಡಿನಿಂದ ಬೇರೆ ಕೈ

ಮಾರ್ಚ್ 4, ಮಂಗಳವಾರ. ಬೆಳಗ್ಗೆ 10

ಐದನೇ ಹಾಡಿನ ಮಿಕ್ಸಿಂಗ್. ಕಾಲಿನ ಪೆಡಲ್‌ನಿಂದ ಹೊಡೆಯುವ ದೊಡ್ಡ ಡ್ರಮ್, ಕಿಕ್, ಪರವಾಗಿಲ್ಲ. ಕೋಲಿನಿಂದ ಹೊಡೆಯುವ ಸಣ್ಣ ಡ್ರಮ್, ಸ್ನೇರ್‌ಗೆ ಮೈಯೇ ಇಲ್ಲ, ರಟ್ಟಿನ ಡಬ್ಬ ಬಡಿದ ಹಾಗೆ. ಎಂದಿನಂತೆ ಸ್ಯಾಂಪಲ್ ಹಾಕಿದೆ. ತಂಡದ ಡ್ರಮ್ಮರ್ ನಮ್ಮ ಭಾವ, ಅವರಿಂದ ಮೊದಲೇ ಒಂದೊಂದಾಗಿ ಹೊಡೆಸಿ ಇಟ್ಟುಕೊಂಡ ಪೆಟ್ಟುಗಳು ಅವು — ಮೆಲ್ಲಗೆ, ಮಧ್ಯಮ, ಜೋರು. ಹಾಡಿನ ಪ್ರತಿ ಪೆಟ್ಟಿನ ಕೆಳಗೂ ಅದೇ ತೂಕದ ಒಂದು ಸ್ಯಾಂಪಲ್ ಇಟ್ಟರೆ ಧ್ವನಿ ತುಂಬಿಕೊಳ್ಳುತ್ತದೆ.

ಮೊದಲ ನಾಲ್ಕು ಹಾಡಿಗೆ ಸಲೀಸಾಗಿ ಬೆರೆಯಿತು. ಇಲ್ಲಿ ಊಹೂಂ. ಹಿಂದೆ ಮುಂದೆ ಸರಿಸಿದೆ, ಧ್ವನಿಯ ಅಲೆಯನ್ನೇ ತಲೆಕೆಳಗು ಮಾಡಿದೆ. ಎರಡೂ ಬೇರೆ ಬೇರೆಯಾಗಿಯೇ ಕೇಳುತ್ತವೆ. ಅದೇ ಡ್ರಮ್, ಅದೇ ಮೈಕ್. ಆದರೆ ಪೆಟ್ಟು ನಡುವೆ ಬೀಳುತ್ತಿಲ್ಲ, ಅಂಚಿನ ಕಡೆ ಬೀಳುತ್ತಿದೆ. ಭಾವ ಯಾವತ್ತೂ ನಡುವಿಗೇ ಹೊಡೆಯುವವರು.

ಸಂಜೆ 4

ಭಾವನಿಗೆ ಫೋನ್ ಮಾಡಿದೆ. ಮನೆಯಲ್ಲಿ ರೆಕಾರ್ಡ್ ಮಾಡಿದ್ದಲ್ಲವೇ, ಮೈಕ್ ಸರಿದಿರಬೇಕು ಎಂದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಐದರಿಂದ ಎಂಟರವರೆಗಿನ ಹಾಡುಗಳನ್ನು ಸ್ಟುಡಿಯೋ ಬಿಟ್ಟು ಮನೆಯ ಹಿಂದಿನ ಕೋಣೆಯಲ್ಲೇ ಯಾಕೆ ಮಾಡಿದರೋ…

ಮಾರ್ಚ್ 6, ಗುರುವಾರ

ನಾನು ಕೊಟ್ಟಿದ್ದ ಮೈಕ್ ವಾಪಸ್ ತರುವ ನೆಪ ಹೇಳಿ ಅಕ್ಕ-ಭಾವನ ಮನೆಗೆ ಹೋದೆ. ಮೈಕ್‌ಗಳನ್ನು ಆಗಲೇ ಪೆಟ್ಟಿಗೆಗೆ ತುಂಬಿ ಮುಂಬಾಗಿಲಿಗೇ ತಂದಿಟ್ಟಿದ್ದರು, ಒಳಗೆ ಬರಬೇಡ ಎನ್ನುವ ಹಾಗೆ. ಡ್ರಮ್ ಒಮ್ಮೆ ನೋಡುತ್ತೇನೆ ಎಂದೆ. ಹಿಂದಿನ ಕೋಣೆಯ ಬೀಗದ ಕೈ ಎಲ್ಲಿಟ್ಟೆನೋ ಎಂದು ಭಾವ ಜೇಬು ತಡವಿದರು. ಜೇಬಿನಲ್ಲೇ ಗೊಂಚಲು ಝಣ್ ಎಂದಿತು. ನನ್ನ ಹೊಟ್ಟೆಪಾಡೇ ಕಿವಿಯದು, ಕೇಳಿಸದೆ ಇರುತ್ತದೆಯೇ? ಅಷ್ಟರಲ್ಲಿ ಅಕ್ಕ ಮಗಳ ಪರೀಕ್ಷೆಯ ಸುದ್ದಿ ತೆಗೆದು ಮಾತು ತೇಲಿಸಿದಳು.

ಅಕ್ಕನಿಗೂ ಗೊತ್ತು. ಏನು ಎಂಬುದು ನನಗೆ ಗೊತ್ತಿಲ್ಲ, ಅಷ್ಟೇ.

ಮಾರ್ಚ್ 11, ಮಂಗಳವಾರ

ಭಾವ ತಮ್ಮ ಜಾಗದಲ್ಲಿ ಯಾರನ್ನೋ ಕೂರಿಸಿ ಹೊಡೆಸಿದ್ದಾರೆ. ತಂಡದವರಿಗೆ ಟೋಪಿ. ನನಗೂ.

ಮಧ್ಯಾಹ್ನ ಪ್ರೊಡ್ಯೂಸರ್ ಫೋನ್. ಎಂಟೂ ಹಾಡು ಒಂದೇ ತರಹ ಕೇಳಬೇಕು, ಬೇಕಿದ್ದರೆ ಡ್ರಮ್ಮನ್ನು ಪೂರ್ತಿ ಸ್ಯಾಂಪಲ್‌ನಲ್ಲೇ ಕಟ್ಟಿ ಎಂದರು. ಐದು ನಿಮಿಷಕ್ಕೆ ಭಾವನ ಫೋನ್, ಅದೇ ಮಾತು.

"ಪೂರ್ತಿ ಸ್ಯಾಂಪಲ್ ಹಾಕ್ಬಿಡು. ಯಾರಿಗೂ ಗೊತ್ತಾಗಲ್ಲ."

"ಏನು ಗೊತ್ತಾಗಲ್ಲ ಭಾವ?"

ಇಟ್ಟುಬಿಟ್ಟರು.

ಮಾರ್ಚ್ 12, ಬುಧವಾರ. ಬೆಳಗ್ಗೆ 11

ಏಳನೇ ಹಾಡು. ಡ್ರಮ್‌ನ ಮೇಲೆ ತೂಗುವ ಎರಡು ಮೈಕ್‌ಗಳ ಧ್ವನಿಯನ್ನು ಕಂಪ್ರೆಸರ್‌ನಲ್ಲಿ ಹಿಂಡಿದೆ. ಹಾಗೆ ಹಿಂಡಿದರೆ ದೊಡ್ಡದು ತಗ್ಗಿ, ಅಡಗಿದ್ದ ಸಣ್ಣ ಸದ್ದೆಲ್ಲ ಮೇಲೇಳುತ್ತದೆ. ಕೊನೆಯಲ್ಲಿ ತಾಳದ ತಟ್ಟೆಯ ಗುಂಯ್ ಕರಗುತ್ತಾ ಬಂತು. ಆಮೇಲೆ ಒಂದು ಹೆಂಗಸಿನ ಧ್ವನಿ, ಏದುಸಿರಿನ ನಡುವೆ: "ಇದು ಆಯ್ತಾ?"

ಬಾಗಿಲ ಕಡೆಯಿಂದ, ದೂರದಲ್ಲಿ, ಭಾವ: "ಆಯ್ತು."

ಹತ್ತು ಸಲ ಕೇಳಿದೆ. ಭಾವ ದೂರ. ಅವಳು ಮೈಕ್‌ಗಳ ನೇರ ಕೆಳಗೆ, ಸ್ಟೂಲಿನ ಮೇಲೆ.

ಅಕ್ಕ.

ತಂಡದಲ್ಲಿ ಆ ಸ್ಟೂಲು ಮೊದಲು ಅವಳದೇ. ಮಗಳು ಹೊಟ್ಟೆಯಲ್ಲಿದ್ದಾಗ ಆರೇ ತಿಂಗಳ ಮಟ್ಟಿಗೆಂದು ಭಾವ ಕೂತರು. ಹನ್ನೆರಡು ವರ್ಷವಾಯಿತು.

ಮಾರ್ಚ್ 13, ಗುರುವಾರ

ಅಕ್ಕನನ್ನು ಸ್ಟುಡಿಯೋಗೆ ಕರೆಸಿ, ಏನೂ ಹೇಳದೆ ಅದನ್ನು ಕೇಳಿಸಿದೆ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಭಾವನ ಎಡ ಮಣಿಕಟ್ಟಿನ ನರಕ್ಕೆ ಪೆಟ್ಟಾಗಿದೆಯಂತೆ. ಕೋಲು ಹಿಡಿದರೆ ಬೆರಳು ಮರಗಟ್ಟುತ್ತವಂತೆ. ಆರು ತಿಂಗಳು ಮುಟ್ಟಬೇಡಿ ಎಂದಿದ್ದಾರಂತೆ ಡಾಕ್ಟರು. ಆಲ್ಬಂ ನಿಲ್ಲಬಾರದೆಂದು ಇವಳು ಕೂತಳು.

"ಅವರನ್ನ ಬೈಬೇಡ ಪುಟ್ಟಿ. ನಾನೇ ಹೇಳಿದ್ದು."

"ಹೆಸರು ಯಾರದು ಬರುತ್ತೆ?"

ಅವಳು ಹೆಡ್‌ಫೋನ್ ನನ್ನ ಕೈಗೆ ಕೊಟ್ಟಳು. "ಚೆನ್ನಾಗಿ ಬಂದಿದೆಯಾ, ಅದನ್ನ ಹೇಳು."

ಚೆನ್ನಾಗಿದೆ ಎಂದೆ. ಮುಖ ಆ ಕಡೆ ತಿರುಗಿಸಿಕೊಂಡಳು.

'ನಾನೇ ಹೇಳಿದ್ದು' — ಅವಳದೇ ಮಾತೋ, ಭಾವ ಹೇಳಿಕೊಟ್ಟಿದ್ದೋ?

ಮಾರ್ಚ್ 19, ಬುಧವಾರ

ಒಂದು ಸಲ ಪೂರ್ತಿ ಸ್ಯಾಂಪಲ್ ಹಾಕಿಯೂ ನೋಡಿದೆ. ಎಲ್ಲ ಪೆಟ್ಟೂ ಗಟ್ಟಿ, ಎಲ್ಲ ಒಂದೇ ಅಳತೆ. ದೊಡ್ಡ ಪೆಟ್ಟುಗಳ ನಡುವೆ ಅಕ್ಕ ಸ್ನೇರ್ ಸವರಿಕೊಂಡು ಹೋಗುವ ಸಣ್ಣ ಪೆಟ್ಟುಗಳು ಮಾಯ. ನನ್ನ ಕೈಯಾರೆ ಅವಳನ್ನು ಒರೆಸಿಹಾಕಿದಂತೆ. ಆ ಫೈಲ್ ಅಳಿಸಿದೆ.

ಅಕ್ಕನಿಂದಲೇ ಹೊಸದಾಗಿ ಪೆಟ್ಟುಗಳನ್ನು ಹೊಡೆಸಿಕೊಂಡೆ. ಹಾಡಿನ ಕೆಳಗಿಟ್ಟರೆ ತಕ್ಷಣ ಕೂತವು. ಅವಳ ಪೆಟ್ಟು ಮೇಲೆ, ಸ್ಯಾಂಪಲ್ ಕೆಳಗೆ, ಇದೆ ಎಂದು ತಿಳಿಯದಷ್ಟೇ. ಕಳಿಸಿದೆ.

ಪ್ರೊಡ್ಯೂಸರ್‌ಗೆ ಕೊನೆಯ ನಾಲ್ಕೇ ಇಷ್ಟವಾಗಿವೆ. ಮೊದಲ ನಾಲ್ಕನ್ನೂ ಹಾಗೇ ಮಾಡಬೇಕಂತೆ. ಭಾವನ ಪೆಟ್ಟಿನ ಕೆಳಗೆ ಈಗ ಅಕ್ಕನ ಪೆಟ್ಟು! ಶನಿವಾರ ಏಳನೇ ಹಾಡಿಗೆ ಭಾವನನ್ನು ಇಲ್ಲೇ ಕೂರಿಸಿ ಡ್ರಮ್ ಹೊಡೆಸಿ ವಿಡಿಯೋ ಮಾಡುತ್ತಾರಂತೆ. "ಈ ಹಾಡಲ್ಲಿ ನಿಮ್ಮ ಭಾವನಿಗೆ ಏನಾಯ್ತಮ್ಮಾ?" ಎಂದು ಕೇಳಿದರು. ಆ 'ಏನಾಯ್ತು'ವಿನಲ್ಲಿ ಮೆಚ್ಚುಗೆ ಇತ್ತೋ, ಅನುಮಾನವೋ.

ಮಾರ್ಚ್ 20, ಗುರುವಾರ

ಭಾವ ಬಂದಿದ್ದರು. ವಿಡಿಯೋದಲ್ಲಿ ಬಾರಿಸಿದ ಹಾಗೆ ಕೈ ಆಡಿಸುತ್ತೇನೆ, ನೀನು ಮೊದಲೇ ರೆಕಾರ್ಡ್ ಆದದ್ದನ್ನೇ ಹಾಕು ಎಂದರು.

"ಸರ್ ಕೇಳಿದ್ರೆ ನಾನು ಸುಳ್ಳು ಹೇಳಲ್ಲ ಭಾವ."

ನನ್ನನ್ನೇ ನೋಡಿದರು. ಹೋದರು. ಆಗಿನಿಂದ ಅಕ್ಕನೂ ಫೋನ್ ಎತ್ತುತ್ತಿಲ್ಲ. ಇಬ್ಬರೂ ಸೇರಿ ಏನು ಹೂಡುತ್ತಿದ್ದಾರೋ.

ಮಾರ್ಚ್ 22, ಶನಿವಾರ. ಬೆಳಗ್ಗೆ 11.20

ಭಾವ ಒಬ್ಬರೇ ಬಂದರು. ನಗುಮುಖ. ಆ ನಗುವೇ ಸರಿಬರಲಿಲ್ಲ. ಕೋಲಿನ ಚೀಲ ಬಗಲಲ್ಲಿ. ಕೈ ಆಡಿಸುವುದೇ ಎಂದುಕೊಂಡೆ.

ಗಾಜಿನ ಆ ಕಡೆ ಭಾವ ಪ್ರೊಡ್ಯೂಸರ್ ಪಕ್ಕಕ್ಕೆ ಹೋಗಿ ಏನೋ ಹೇಳುತ್ತಿದ್ದರು. ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ನನ್ನ ಮೇಲೆ ದೂರು ಹೇಳುತ್ತಿರಬೇಕು. ಕದ್ದು ಕೇಳಬಾರದು. ಆದರೂ ಆ ಕೋಣೆಯ ಮೈಕ್‌ನ ಧ್ವನಿ ಹೆಚ್ಚಿಸುವ ಫೇಡರ್ ಏರಿಸಿದೆ.

"…ಕೊನೇ ನಾಲ್ಕು ಹಾಡು ನನ್ನದಲ್ಲ ಸರ್. ನನ್ನ ಹೆಂಡ್ತಿದು. ಮೊದಲು ಅವಳೇ ಇದ್ದಿದ್ದು ಈ ತಂಡದಲ್ಲಿ."

ಪ್ರೊಡ್ಯೂಸರ್ ಕೋಲಿನ ಚೀಲದ ಕಡೆ ನೋಡಿದರು. ಆಮೇಲೆ, ಎಲ್ಲಿದ್ದಾರೆ ಎಂದರು. ಕೆಳಗೆ ಕಾರಿನಲ್ಲಿ ಎಂದರು ಭಾವ.

ಫೇಡರ್ ಇಳಿಸಿದೆ. ನನಗೇ ನಾಚಿಕೆ.

11.45

ಅಕ್ಕ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಸ್ಟೂಲ್ ತಿರುಗಿಸಿ ತಿರುಗಿಸಿ ಇಳಿಸಿಕೊಂಡಳು. ಭಾವ ಮಂಡಿಯೂರಿ ಕೂತು, ಒಂದೇ ಕೈಯಲ್ಲಿ, ಅವಳ ಕಾಲಿಗೆ ಸರಿಯಾಗಿ ಪೆಡಲ್ ಹೊಂದಿಸುತ್ತಿದ್ದಾರೆ. ಅಕ್ಕ ಗಾಜಿನಾಚೆಯಿಂದ ಕೋಲು ಎತ್ತಿ ನನ್ನನ್ನು ಕೇಳುತ್ತಿದ್ದಾಳೆ, ಶುರು ಮಾಡಲಾ ಅಂತ. ರೆಕಾರ್ಡ್ ಒತ್ತಬೇಕು, ಉಳಿದದ್ದು ಆಮೇಲೆ ಬರೆ—