ಗಾಯಕ್ಕೆ ಕಾರಣ ನನ್ನ ಮದುವೆಯಲ್ಲ, ನೀವು ನೀರು ಬಿಟ್ಟ ಎರೆಮಣ್ಣು

ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಓಟಕ್ಕೆ ನಮ್ಮ ತಂಡವನ್ನು ಆರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡ ಮಧ್ವೇಶನ ಮೊಣಕಾಲು ಹಾಳಾದದ್ದು ಅವನು ನನ್ನನ್ನು ಮದುವೆಯಾದದ್ದರಿಂದ ಎಂದು ನಿಮ್ಮ ಸಮಿತಿ ತೀರ್ಮಾನಿಸಿದೆ. ನಿಮ್ಮ ವರದಿಯ ಮಾತುಗಳಲ್ಲೇ ಹೇಳುವುದಾದರೆ, "ಇತ್ತೀಚಿನ ವಿವಾಹದಿಂದ ತರಬೇತಿಯಲ್ಲಿ ಉಂಟಾದ ಶೈಥಿಲ್ಯವೇ ಗಾಯಕ್ಕೆ ಮುಖ್ಯ ಕಾರಣ, ಓಟದ ಮಾರ್ಗದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ." ತಪ್ಪು ಹೆಂಡತಿಯದು ಎಂದಾದ ಮೇಲೆ ಮಣ್ಣು ನಿರಪರಾಧಿಯೇ ತಾನೇ? ಆದ್ದರಿಂದ ಬರುವ ಭಾನುವಾರ ನಾಗಪುರದ ಕೋರಾಡಿ ರಸ್ತೆಯಲ್ಲಿ ಅವನು ಬಿದ್ದ ಅದೇ ಬಯಲಿಗೆ ಮತ್ತೆ ಟ್ಯಾಂಕರುಗಳಲ್ಲಿ ನೀರು ತಂದು ಬಿಟ್ಟು, ಜೂನಿಯರ್ ಹುಡುಗಿಯರ ಆಯ್ಕೆ ಓಟ ನಡೆಸಲು ಹೊರಟಿದ್ದೀರಿ. ಆ ಓಟ ಅಲ್ಲಿ ನಡೆಯಬಾರದು. ಈ ಪತ್ರ ಅದಕ್ಕಾಗಿ.

ಇಂಗ್ಲಿಷಿನಲ್ಲಿ ಕಳಿಸಿದ ನನ್ನ ಇಮೇಲುಗಳಿಗೆ ನೀವು ಉತ್ತರಿಸಲಿಲ್ಲ. ನೀವು ಕನ್ನಡದವರು, ಈ ಪತ್ರಿಕೆಯನ್ನು ತಪ್ಪದೆ ಓದುತ್ತೀರಿ ಎಂದು ಆಮೇಲೆ ಗೊತ್ತಾಯಿತು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ನನ್ನ ಒತ್ತಕ್ಷರಗಳು ಎಲ್ಲೆಲ್ಲೋ ಬೀಳುತ್ತವೆ. ಕಾಲಿಗೆ ಪಟ್ಟಿ ಬಿಗಿದುಕೊಂಡು ದಿವಾನದ ಮೇಲೆ ಮಲಗಿರುವ ಮಧ್ವೇಶ ಅವನ್ನು ತಿದ್ದಿಕೊಡುತ್ತಿದ್ದಾನೆ. ಸಿಟ್ಟನ್ನು ಮಾತ್ರ ಅವನಿಗೆ ತಿದ್ದಲು ಕೊಟ್ಟಿಲ್ಲ.

ಮೊದಲು ಆ ಶೈಥಿಲ್ಯದ ವಿಷಯ. ಮಾನ್ಯರೇ, "ನನ್ನ ಗಂಡ" ಎಂದು ಬರೆಯುವಾಗ ನನಗೆ ಈಗಲೂ ಮುಖ ಬಿಸಿಯಾಗುತ್ತದೆ, ಅಷ್ಟು ಹೊಸ ಮದುವೆ ನಮ್ಮದು. ಲೋಕದ ಹೊಸ ಹೆಂಡತಿಯರೆಲ್ಲ ಗಂಡ ಎಷ್ಟು ಹೊತ್ತು ಜೊತೆಗಿದ್ದ ಎಂದು ಹೇಳಿಕೊಳ್ಳುತ್ತಾರೆ. ನನಗೆ ಮಾತ್ರ, ಅವನು ಜೊತೆಗಿರಲೇ ಇಲ್ಲ ಎಂದು ಊರಿಗೆಲ್ಲ ಸಾಬೀತು ಮಾಡುವ ಭಾಗ್ಯವನ್ನು ನೀವು ಒದಗಿಸಿದ್ದೀರಿ. ಕೇಳಿ. ಹನಿಮೂನ್‌ಗೆ ಅವನು ಆರಿಸಿದ ಜಾಗ ಚಿಖಲ್ದರಾ ಗಿರಿಧಾಮ. ಪ್ರೀತಿ ಎಂದುಕೊಂಡು ಕುಣಿದಾಡಿದೆ. ಏರು ರಸ್ತೆ ಚೆನ್ನಾಗಿದೆ ಎಂಬುದು ಕಾರಣವಾಗಿತ್ತು! ಬೆಳಿಗ್ಗೆ ಕಣ್ಣುಬಿಟ್ಟರೆ ಪಕ್ಕದಲ್ಲಿ ದಿಂಬು ಮಾತ್ರ. ಬೆಟ್ಟ ಹತ್ತಿ ಇಳಿದು, ಬೆವರಿನಲ್ಲಿ ತೊಯ್ದು ಬಂದು "ಏಳ, ಹುಚ್ಚಿ, ಸೂರ್ಯ ನೆತ್ತಿಗೆ ಬಂದಾನ" ಎನ್ನುತ್ತಿದ್ದ. ನಮ್ಮ ಆರತಕ್ಷತೆಯ ದಿನವೂ ಓಡಿ ಬಂದೇ ಶೇರ್ವಾನಿ ಹಾಕಿಕೊಂಡವನು ಅವನು. ಇದು ಶೈಥಿಲ್ಯವಾದರೆ ಶ್ರದ್ಧೆ ಎಂದರೆ ಏನು? ಮಂಟಪದಿಂದಲೇ ಓಡಿಹೋಗಬೇಕಿತ್ತೇ?

ಇನ್ನು ನಿಮ್ಮ ನಿರ್ದೋಷಿ ಮಣ್ಣು. ವಿದೇಶದಲ್ಲಿ ಸ್ಪರ್ಧೆ ನಡೆಯುವ ಜಾಗದ ಚಿತ್ರಗಳನ್ನು ನಿಮ್ಮವರು ನೋಡಿದರು. ಅಲ್ಲಿ ಕೆಸರಿತ್ತು. ನಮ್ಮವರಿಗೂ ಕೆಸರಿನ ಅಭ್ಯಾಸವಾಗಲಿ ಎಂದು ನಾಗಪುರದ ಕಪ್ಪು ಎರೆಮಣ್ಣಿಗೆ ಓಟದ ಹಿಂದಿನ ಸಂಜೆ ನೀರು ಬಿಡಿಸಿದರು. ಅಲ್ಲಿಯ ಕೆಸರಿನ ಕೆಳಗೆ ಹುಲ್ಲಿನ ಬೇರು ಇರುತ್ತದೆ. ಇಲ್ಲಿ ಮಳೆ ನಿಂತು ತಿಂಗಳುಗಳಾಗಿ, ನೆಲ ಬಾಯಿಬಿಟ್ಟು, ಮುಂಗೈ ಇಳಿಯುವಷ್ಟು ಬಿರುಕುಗಳಿದ್ದವು. ನೀರು ಬಿದ್ದೊಡನೆ ಮೇಲಿನ ಮಣ್ಣು ಉಬ್ಬಿ ಬಿರುಕುಗಳ ಬಾಯಿ ಮುಚ್ಚಿತು. ಒಳಗೆ ಅವು ಹಾಗೇ ಇದ್ದವು. ನೋಡುವವರಿಗೆ ನುಣ್ಣನೆಯ ಕೆಸರು! ನಾಳೆ ಸ್ಪರ್ಧೆ ಹಿಮದ ನಾಡಿನಲ್ಲಿ ನಡೆದರೆ ಸೀತಾಬರ್ಡಿ ಪೇಟೆಯಿಂದ ಐಸ್ ಗೋಲಾ ಗಾಡಿಗಳನ್ನು ತರಿಸುತ್ತೀರಾ?

ಮಧ್ವೇಶ ಗದಗಿನ ಕಡೆಯವನು. ಎರೆ ಹೊಲದಲ್ಲಿ ಆಡಿ ಬೆಳೆದವನು. ಟ್ಯಾಂಕರಿನ ಪೈಪು ಕಂಡ ಕೂಡಲೇ ನನ್ನ ಕೈ ಬಿಟ್ಟು ನಿಮ್ಮ ಮಾರ್ಗದ ಉಸ್ತುವಾರಿಯವರ ಬಳಿ ಹೋದ. "ಸರ್, ಎರಿ ಹೊಲ ಹಸೀ ಇದ್ದಾಗ ನಮ್ಮೂರಾಗ ಎತ್ತನ್ನೂ ಇಳಸಂಗಿಲ್ಲ" ಎಂಬುದನ್ನು ತನ್ನ ಹಿಂದಿಯಲ್ಲಿ ಹೇಗೋ ಹೇಳಿದ. ಅವರು ಪಕ್ಕದವರ ಕಡೆ ಕಣ್ಣು ಹೊಡೆದು, "ಕ್ಯಾ ಭಾಯಿ, ಶಾದಿ ಹೋತೇ ಹೀ ಡರ್ ಗಯೇ?" ಎಂದರು. ಎಲ್ಲರೂ ನಕ್ಕರು. ನನ್ನ ಮದುವೆಯ ಹಸಿರು ಬಳೆಗಳನ್ನು ನೋಡಿ ಇನ್ನಷ್ಟು ನಕ್ಕರು. ಮದುವೆಯಾಗಿ ಹೆದರಿದ್ದಾನೆ ಎಂಬ ಬಯಲಿನ ಆ ತಮಾಷೆ ನಿಮ್ಮ ಕಚೇರಿಗೆ ಹೋಗಿ ಕೋಟು ತೊಟ್ಟು, "ವಿವಾಹದಿಂದ ಉಂಟಾದ ಶೈಥಿಲ್ಯ"ವಾಗಿ ಹೊರಬಂದಿದೆ. ತನಿಖೆ ಎಂದರೆ ಇದೇ ಏನು?

ಮರುದಿನ ಗಂಡಸರ ಆಯ್ಕೆ ಓಟದ ಎರಡನೇ ಸುತ್ತಿನಲ್ಲಿ ಅವನು ಮುಂದಿದ್ದ. ಒಬ್ಬೊಬ್ಬರ ಬೂಟಿಗೂ ಇಟ್ಟಿಗೆಯಷ್ಟು ಮಣ್ಣು ಮೆತ್ತಿತ್ತು. ನಾನು ಹಗ್ಗದ ಈಚೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ದಿಬ್ಬ ಇಳಿದವನ ಬಲಗಾಲು ಮೀನಖಂಡದವರೆಗೆ ನೆಲದೊಳಗೆ ಹೋಯಿತು. ಕಾಲು ಅಲ್ಲೇ ಉಳಿಯಿತು. ಮೈ ಮುಂದಕ್ಕೆ ಹೋಗಿ ಪಕ್ಕಕ್ಕೆ ತಿರುಗಿತು. ಅವನು ಕೈಯಿಂದ ಮಣ್ಣನ್ನು ಕೆರೆಯತೊಡಗಿದ, ಹೂತುಹೋದದ್ದು ತನ್ನ ಕಾಲಲ್ಲ, ಬೇರೇನೋ ವಸ್ತು ಎನ್ನುವ ಹಾಗೆ. ನಾನು ಹಗ್ಗ ದಾಟಿದಾಗ ಆ ಉಸ್ತುವಾರಿಯವರು ಅಡ್ಡ ಬಂದು, "ಮೇಡಂ, ಇಂಟರ್‌ನ್ಯಾಷನಲ್ ಲೆವೆಲ್ ಹೈ, ಕೀಚಡ್ ತೋ ಹೋಗಾ ಹೀ" ಎಂದರು. ಕೆಸರು ಇರಲೇಬೇಕಂತೆ. ಸ್ಟ್ರೆಚರ್ ಇರಲೇಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನ ಹಿಂದೆ ಓಡುತ್ತಿದ್ದ ಇಬ್ಬರು ತಮ್ಮ ಓಟ ಬಿಟ್ಟು ಅವನನ್ನು ಹೊತ್ತು ತಂದರು. ಅವರ ಹೆಸರೂ ಈಗ ತಂಡದಲ್ಲಿಲ್ಲ. ಅವರಿಗೂ ಮದುವೆಯಾಗಿತ್ತೇ, ಮಾನ್ಯರೇ?

ಮೊಣಕಾಲಿನ ಲಿಗಮೆಂಟುಗಳು ಹರಿದಿವೆ, ಕೆಳಗಿನ ಎಲುಬು ಸೀಳಿದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಳ್ಳೆಯವರು, ನನ್ನನ್ನು ಹೊರಗೆ ಕರೆದು ಹೇಳಿದರು: "ನಡೀತಾರಮ್ಮ. ಓಟದ ಮಾತು ಈಗ ಬೇಡ." ಈಗ ಬೇಡ ಎಂದರೆ ಯಾವಾಗ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಜಾಜ್ ನಗರದ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಯಾರಾದರೂ ಓಡಿದ ಸದ್ದಾದರೆ ಅವನು ಗೋಡೆಯ ಕಡೆ ಹೊರಳುತ್ತಾನೆ. ನಾನು ಕಿಟಕಿ ಮುಚ್ಚುತ್ತೇನೆ. ನಮ್ಮ ಹೊಸ ಸಂಸಾರದ ದಿನಚರಿ ಹೀಗಿದೆ.

ಇದು ಆಗಿಹೋದ ಕಥೆ. ಆಗಲಿರುವುದನ್ನು ಕೇಳಿ. ಗದಗಿನ ಕಡೆಯಿಂದ ಬಂದು ಇಲ್ಲಿಯ ಮಹಾಲ್ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರ ಮಗಳು ಸ್ವಪ್ನಾ ಮಧ್ವೇಶನ ಹಿಂದೆ ಓಡಿ ಓಡಿಯೇ ಓಟ ಕಲಿತವಳು. ಭಾನುವಾರದ ಹುಡುಗಿಯರಲ್ಲಿ ಅವಳೂ ಒಬ್ಬಳು. ಈ ಊರಿನ ರೂಢಿಯಂತೆ ಅವಳಿಗೆ ಅವನು ದಾದಾ, ಅಂದರೆ ಅಣ್ಣ; ನಾನು ವಹಿನಿ, ಅತ್ತಿಗೆ. ಮೊನ್ನೆ ತರ್ರಿ ಪೋಹಾ, ಅದೇ ಖಾರದ ಸಾರು ಹಾಕಿದ ಇಲ್ಲಿಯ ಅವಲಕ್ಕಿ, ಕಟ್ಟಿಸಿಕೊಂಡು ನೋಡಲು ಬಂದಳು. ಅವನ ಕಾಲನ್ನು ಬಿಟ್ಟು ಕೋಣೆಯಲ್ಲಿದ್ದುದನ್ನೆಲ್ಲ ನೋಡಿದಳು. ಆಮೇಲೆ ಕೇಳಿದಳು:

"ದಾದಾ, ದಿಬ್ಬದ ಹತ್ರ ಎಡಕ್ಕ ಓಡ್ಲೇನು, ಬಲಕ್ಕೋ?"

"ಓಡಬ್ಯಾಡ."

"ಹಂಗ ಹೇಳಬ್ಯಾಡ ನೀ. ಓಡಿ ಬಿದ್ರ ನಸೀಬು ಅಂತಾರ. ಓಡದಿದ್ರ ಡರಪೋಕ್, ಅಂಜುಬುರುಕಿ ಅಂತಾರ, ಮುಂದಿನ ಸಲ ಕರೆಯೂದೇ ಇಲ್ಲ. ವಹಿನಿ, ನೀವs ಹೇಳ್ರಿ, ಬರೋಬರ್ ಅದ ಇಲ್ಲ?"

ನಾನು ತಟ್ಟೆ ತರಲು ಎದ್ದೆ. ಮಧ್ವೇಶನೇ ಹೇಳಿದ: "ಹಂಗಾದ್ರ ಬೂಟಿನ ದಾರ ಸಡಿಲ ಕಟ್ಟು. ಸಿಕ್ಕೊಂಡ್ರ ಬೂಟು ಅಲ್ಲೇ ಹೋಗ್ಲಿ, ಕಾಲು ಉಳೀಲಿ."

ಅವಳು ತಲೆಯಾಡಿಸಿ, ಪೋಹಾ ತಣ್ಣಗಾಗುತ್ತದೆ ಎಂದು ಹೇಳಿ, ಮೆಟ್ಟಿಲಿಳಿದು ಹೋದಳು. ಮಾನ್ಯರೇ, ದೇಶಕ್ಕಾಗಿ ಓಡಬೇಕಾದ ಹುಡುಗಿಗೆ ಅವಳ ಗುರು ಕೊಟ್ಟ ಕೊನೆಯ ಪಾಠ ಇದು. ದಾರ ಸಡಿಲ ಬಿಟ್ಟವಳು ಗೆಲ್ಲುವುದಿಲ್ಲ. ಬಿಗಿದು ಕಟ್ಟಿದವಳು ನಡೆದು ಮನೆ ಸೇರುತ್ತಾಳೋ ಇಲ್ಲವೋ ತಿಳಿಯದು. ಅವಳಿಗಿನ್ನೂ ಮದುವೆಯಾಗಿಲ್ಲ. ಅವಳು ಬಿದ್ದರೆ ವರದಿಯಲ್ಲಿ ಏನು ಬರೆಯುತ್ತೀರಿ?

ನನಗೆ ಬೇಕಾದದ್ದು ಇಷ್ಟು. ಹುಡುಗಿಯರ ಓಟವನ್ನು ಹುಲ್ಲಿರುವ ಬೇರೆ ಬಯಲಿಗೆ ಸಾಗಿಸಿ, ಅಥವಾ ಮುಂದಕ್ಕೆ ಹಾಕಿ. "ಮಾರ್ಗದಲ್ಲಿ ದೋಷವಿಲ್ಲ" ಎಂಬ ಸಾಲನ್ನು ಹೊಡೆದುಹಾಕಿ. ನನ್ನ ಮದುವೆಯ ಬಗ್ಗೆ ಬರೆದ ಸಾಲು ಬೇಕಾದರೆ ಇರಲಿ, ನನಗೆ ಅದರಿಂದ ಮಾನ ಹೋಗುವುದಿಲ್ಲ. ಇದಾವುದೂ ಆಗದಿದ್ದರೆ ಭಾನುವಾರ ಬೆಳಿಗ್ಗೆ ಹುಡುಗಿಯರಿಗಿಂತ ಮೊದಲು ನೀವು ಬೂಟಿನ ದಾರ ಬಿಗಿದು ಆ ದಿಬ್ಬ ಇಳಿದು ತೋರಿಸಿ. ಓಡುವುದು ಬೇಡ, ನಡೆದರೆ ಸಾಕು.

ಅದಕ್ಕೂ ಮುಂಚೆ, ಶನಿವಾರ ಸಂಜೆ ನೀರು ಬರುವ ಹೊತ್ತಿಗೆ ನಾನು ಬಯಲಿನ ಗೇಟಿನಲ್ಲಿರುತ್ತೇನೆ. ಮಧ್ವೇಶ ಬೇಡ ಅಂದ. ಸ್ವಪ್ನಾಳ ಅಮ್ಮ ತಾನೂ ಬರುತ್ತೇನೆ ಅಂದಿದ್ದಾರೆ.

ಇಂತಿ,
ಓಡಲು ಬಾರದ, ಟ್ಯಾಂಕರಿಗೆ ಅಡ್ಡ ನಿಲ್ಲುವುದನ್ನು ಈಗಷ್ಟೇ ಕಲಿಯುತ್ತಿರುವ
ಅನ್ವಿತಾ ಮಧ್ವೇಶ
ಬಜಾಜ್ ನಗರ, ನಾಗಪುರ