ಎಡಗೈ ಮೇಲಿನ ಬೂಷ್ಟು

ಮಕ್ಕಳ ಆಸ್ಪತ್ರೆಯ ಮೆಟ್ಟಿಲು
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಶಾಲೆ ಬಿಟ್ಟವಳ ಕಾಗದ, ತಪ್ಪುಗಳನ್ನು ಹೊಟ್ಟೆಗೆ ಹಾಕಿಕೋ. ಫೋನು ಅಮ್ಮನ ಕೈ ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನವರು ನಾಳೆ ಹಡಗಿಗೆ ತಲುಪಿಸುತ್ತಾರಂತೆ. ಅತ್ತಿಗೆ ಎದ್ದು ಓಡಾಡುತ್ತಿದ್ದಾರೆ. ಉಳಿದದ್ದನ್ನು ಅಮ್ಮನ ಹಾಗೆ ಸಕ್ಕರೆ ಬೆರೆಸಿ ಹೇಳಲು ನನ್ನಿಂದಾಗದು.

ನಿನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳಲ್ಲವೇ, ಅವಳ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳು. ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ತೇವವಾಗಿ ಇಟ್ಟಿದ್ದಾರೆ. ಡ್ರಿಪ್ಪಿನ ಸೂಜಿ ಅಲುಗದಿರಲೆಂದು ಎಡಗೈಗೆ ಐಸ್‌ಕ್ರೀಮ್ ಕಡ್ಡಿಯಂಥ ಮರದ ಪಟ್ಟಿ ಕಟ್ಟಿ ಟೇಪು ಸುತ್ತಿದ್ದರು. ಸೋಮವಾರ ಟೇಪು ಬಿಚ್ಚಿದರೆ ಚರ್ಮವೂ ಕಿತ್ತು ಬಂತು. ಕೆಳಗೆ ಕಪ್ಪು ಕಲೆ, ಅದರ ಮೇಲೆ ಬೂದು ಬಣ್ಣದ ತುಪ್ಪಟ. ಮರೆತ ಬ್ರೆಡ್ಡಿನ ಮೇಲೆ ಬೆಳೆಯುತ್ತದಲ್ಲ, ಅದೇ ಬೂಷ್ಟು, ಉಸಿರಾಡುವ ಕೂಸಿನ ಮೇಲೆ. ನಾನು ಹೊರಗೋಡಿ ವಾಂತಿ ಮಾಡಿಕೊಂಡೆ. ಸುಳ್ಳೇಕೆ, ಆ ಕ್ಷಣ ಕೂಸನ್ನು ಕಂಡೇ ಹೇಸಿಗೆಯಾಯಿತು. ಅತ್ತಿಗೆ ಮಾತ್ರ ಪೆಟ್ಟಿಗೆಯ ಕಿಂಡಿಯೊಳಗಿನ ಕೈ ತೆಗೆಯದೆ, "ಬಾಯಿ ತೊಳ್ಕೊಂಡು ಬಾ, ನಿನ್ನ ವಾಸನೆಗೆ ಅವಳು ಎದ್ದುಬಿಡ್ತಾಳೆ" ಎಂದರು.

ಮರದ ಪಟ್ಟಿಯಿಂದಲೇ ಬಂದಿರಬೇಕು ಎಂದರು ಡಾಕ್ಟರಮ್ಮ. ಪಟ್ಟಿಗಳ ಡಬ್ಬಿ ಸೋರುವ ಸಿಂಕಿನ ಕೆಳಗಿತ್ತು. ಮುಚ್ಚಳ ತೆರೆದರೆ ಒದ್ದೆ ಗೋಣಿಯ ನಾತ. "ಯಾವಾಗ್ಲೂ ಅಲ್ಲೇ ಇಡೋದು" ಎಂದಳು ನರ್ಸು, ಉಪ್ಪಿನ ಡಬ್ಬಿಯ ವಿಷಯ ಹೇಳಿದಂತೆ. ಈಗ ಸತ್ತ ಚರ್ಮ ತೆಗೆದು, ರಕ್ತಕ್ಕೆ ಔಷಧಿ ಹಾಕುತ್ತಿದ್ದಾರೆ. ಕಲೆ ಇನ್ನೂ ಮೊಣಕೈ ದಾಟಿಲ್ಲ. ಒಳಗಿಳಿದರೆ ಉಳಿಸುವುದು ಕಷ್ಟವಂತೆ. ಅಮ್ಮ ಮಾತ್ರ ನೋಡಲು ಬಂದವರಿಗೆಲ್ಲ "ಹುಟ್ಟುಮಚ್ಚೆ, ಅವಳಪ್ಪನಿಗೂ ಇತ್ತು" ಎನ್ನುತ್ತಾಳೆ. ಬೂಷ್ಟಿಗಿಂತ ಆ ಮಾತಿಗೇ ನನಗೆ ಹೆಚ್ಚು ವಾಕರಿಕೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತಿಗೆ ನಿನ್ನ ಕ್ಷೇಮ ಕೇಳಿದ್ದಾಗಿ ಬರೆಯಲು ಹೇಳಿದರು.

ನಿನ್ನ ಬಾಯಿಬಡಕಿ ತಂಗಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಅಮ್ಮ ನಿನಗೆ ಕಳಿಸಿದ ಫೋಟೋದ ದುಂಡು ಮುಖದ ಮಗು ನಮ್ಮದಲ್ಲ, ಪಕ್ಕದ ವಾರ್ಡಿನದು, ಯಾರೋ ಡ್ರೈವರನ ಮಗು. ನೀನು ಹೆದರುತ್ತೀಯೆಂದು ಹೀಗೆ ಮಾಡಿದಳಂತೆ. ಹಡಗಿನವರಿಗೆಲ್ಲ ಅದನ್ನು ತೋರಿಸಿರುತ್ತೀಯ, ಗೊತ್ತು. ನಿನ್ನ ಮಗಳು ನಿನ್ನ ಅಂಗೈಯಷ್ಟಿದ್ದಾಳೆ, ಎಡಗೈ ಮೇಲೆ ಚರ್ಮವಿಲ್ಲ. ರಜೆ ಕೇಳುವುದಾದರೆ ಇವಳಿಗಾಗಿ ಕೇಳು. ಇವತ್ತೇ ಕೇಳು.